ಕಡಲ ದಂಡೆ ಯಾರಪ್ಪನ ಮನೆ ಆಸ್ತಿ?



ಮಾರಿಷಸ್ಸಿನ ನಾಲ್ಕು ಫೋಟೋ ಹಾಕಿದ್ದೇ ತಡ, ಇನ್‌ಬಾಕ್ಸಿಗೆ ಎರಡು ಬಗೆಯ ಪ್ರಶ್ನೆ ಬಂದವು. ಒಂದು, ‘ಎಷ್ಟು ಖರ್ಚಾಯ್ತಣ್ಣ?’ ಇನ್ನೊಂದು, ‘ಚಳವಳಿ ಮಾಡೋರಿಗೂ ರೆಸಾರ್ಟು ಬೇಕಾ?’ ಮೊದಲನೇದಕ್ಕೆ ಉತ್ತರ ಸುಲಭ. ಎರಡನೇದಕ್ಕೆ ಸ್ವಲ್ಪ ಉದ್ದ ಬರೀಬೇಕು, ತಾಳ್ಮೆಯಿಂದ ಓದಿ.

ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಓದಿದವರಿಗೆ ಗೊತ್ತು, ಅದರಲ್ಲಿರೋದು ಬಹುಪಾಲು ಪ್ರಯಾಣದ, ತಂಗುವ ಜಾಗದ ಕತೆಗಳೇ. 1901ರಲ್ಲಿ ಅಪ್ಪನನ್ನು ನೋಡಲು ಹೊರಟ ಮಕ್ಕಳು ದುಪ್ಪಟ್ಟು ಬಾಡಿಗೆ ಕೊಟ್ಟು ಎತ್ತಿನಗಾಡಿಯನ್ನು ತಾವೇ ಹೊಡ್ಕೋಬೇಕಾಯ್ತು. ವಿದೇಶದಲ್ಲಿ ಓದಿ ಬರೋಡಾ ಸಂಸ್ಥಾನದ ಅಧಿಕಾರಿಯಾದವರನ್ನು ತಂಗುಮನೆಯಿಂದ ದೊಣ್ಣೆ ಹಿಡಿದವರು ಹೊರಗಟ್ಟಿದರು. 1934ರಲ್ಲಿ ದೌಲತಾಬಾದ್ ಕೋಟೆಯ ಹೊಂಡದಲ್ಲಿ ಕೈಕಾಲು ಮುಖ ತೊಳೆದದ್ದಕ್ಕೆ ‘ನೀರು ಮೈಲಿಗೆಯಾಯ್ತು’ ಅಂತ ಗಲಾಟೆಯಾಯ್ತು. ಈ ಕೊನೆಯದನ್ನ ಗಮನಿಸಿ. ಅವರು ಅಲ್ಲಿಗೆ ಭಾಷಣಕ್ಕೆ ಹೋಗಿರಲಿಲ್ಲ. ಚಳವಳಿಯ ಸಂಗಾತಿಗಳೆಲ್ಲ ಸೇರಿ ಎಲ್ಲೋರಾದ ಬೌದ್ಧ ಗುಹೆ ನೋಡಲು ಟೂರ್ ಹೊರಟಿದ್ದರು, ಬಾಬಾಸಾಹೇಬರೂ ಜೊತೆಗಿದ್ದರು. ಆದ್ದರಿಂದ ‘ಚಳವಳಿ ಮಾಡೋರು ಟೂರ್ ಹೋಗ್ತಾರಾ’ ಅನ್ನೋ ಪ್ರಶ್ನೆಗೆ 1934ರಲ್ಲೇ ಉತ್ತರ ಸಿಕ್ಕಿದೆ.

ನಾನೊಬ್ಬ ಕಚೇರಿ ಗುಮಾಸ್ತ. ನಾಲ್ಕು ಜನ ಗೆಳೆಯರು ಮೂರು ವರ್ಷ ಚೀಟಿ ಕಟ್ಟಿ ಹೋದೆವು. ಭಾರತದವರಿಗೆ ಅಲ್ಲಿ ವೀಸಾ ಶುಲ್ಕವಿಲ್ಲ. ಹೋಟೆಲಿನ ರೂಮಿಗಿಂತ ಅಗ್ಗ ಅಂತ ಉತ್ತರದ ಗ್ರ್ಯಾಂಡ್ ಬೇಯಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಹಿಡಿದೆವು. ಕೆಳಗೆ ಈಜುಕೊಳ, ಒಳಗೆ ಅಡುಗೆಮನೆ. ಅನ್ನ, ಮೀನುಸಾರು ನಾವೇ ಮಾಡ್ಕೊಂಡ್ವಿ. ಬಾಗಿಲ ಬೀಗಕ್ಕೆ ನಂಬರು ಒತ್ತಿದರೆ ಸಾಕು, ತೆರೆಯುತ್ತೆ. ನಮ್ಮೂರ ಕಡೆ ಲಾಡ್ಜೊಂದರ ಕೌಂಟರಿನಲ್ಲಿ ‘ಪೂರ್ತಿ ಹೆಸರೇನು, ಯಾವ ಕಡೆಯವರು’ ಅಂತ ಸುತ್ತಿ ಬಳಸಿ ಕೇಳಿಸಿಕೊಂಡವನಿಗೆ, ಏನೂ ಕೇಳದ ಆ ಬೀಗ ಎಷ್ಟು ದೊಡ್ಡದು ಅಂತ ಕೇಳಿಸಿಕೊಂಡವರಿಗೇ ಗೊತ್ತು. ವಿರಾಮವೂ ಒಂದು ಹಕ್ಕು. ನಮ್ಮ ಅಪ್ಪ ಅವ್ವ ಊರು ಬಿಟ್ಟು ಹೋಗಿದ್ದು ಕೂಲಿಗೆ, ಆಸ್ಪತ್ರೆಗೆ, ಕೋರ್ಟಿಗೆ ಮಾತ್ರ. ಸುಮ್ನೆ ಸಮುದ್ರ ನೋಡೋಕೆ ಅಂತ ಹೋದವರು ನಮ್ಮ ಮನೇಲಿ ನಾನೇ ಮೊದಲು. ಅದಕ್ಕೆ ನಾಚಿಕೆ ಪಡೋದಿಲ್ಲ.

ಆದರೆ ಬೀಗ ಜಾತಿ ಕೇಳಲಿಲ್ಲ ಅಂದಮಾತ್ರಕ್ಕೆ ದ್ವೀಪ ಕೇಳಲ್ಲ ಅಂತಲ್ಲ. ಅದು ಗೊತ್ತಾಗಿದ್ದು ಬಸ್ಸು ಹತ್ತಿದ ಮೇಲೆ.

ಬಾಡಿಗೆ ಕಾರು ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಅಲ್ಲೂ ನಮ್ಮ ಹಾಗೇ ರಸ್ತೆಯ ಎಡಗಡೆ ಓಡಿಸೋದು, ಕಷ್ಟವೇನಿಲ್ಲ. ನಾವು ಬಸ್ಸನ್ನೇ ನೆಚ್ಚಿಕೊಂಡೆವು. ಉತ್ತರದಿಂದ ದಕ್ಷಿಣಕ್ಕೆ 65 ಕಿಲೋಮೀಟರ್ ಅಷ್ಟೇ ಇರೋ ದ್ವೀಪ. ಬಸ್ಸಿನೊಳಗೇ ಕಂಡಕ್ಟರು ಟಿಕೆಟ್ ಕೊಡ್ತಾರೆ, ಕತ್ತಲಾದ ಮೇಲೆ ಬಸ್ಸು ಕಮ್ಮಿ, ಅಷ್ಟು ನೆನಪಿಟ್ಟುಕೊಂಡರೆ ಆಯ್ತು. ಶಾಲೆ ಮಕ್ಕಳಿಗೂ ವಯಸ್ಸಾದವರಿಗೂ 2005ರಿಂದ ಬಸ್ಸು ಉಚಿತ. ನಮ್ಮಲ್ಲಿ ‘ಬಿಟ್ಟಿ ಬಸ್ಸು’ ಅಂತ ಹೆಣ್ಣುಮಕ್ಕಳನ್ನ ಆಡಿಕೊಳ್ಳೋರು ಇದನ್ನ ಒಮ್ಮೆ ಓದಿಕೊಳ್ಳಲಿ.

ರಸ್ತೆಯ ಎರಡೂ ಬದಿ ಕಬ್ಬು. ಗದ್ದೆಗಳ ನಡುವೆ ಕರಿಕಲ್ಲಿನ ಗುಡ್ಡೆಗಳು. ಹೊಲ ಹಸನು ಮಾಡೋಕೆ ಕೂಲಿಗಳು ಕೈಯಲ್ಲಿ ಆಯ್ದು ಒಟ್ಟಿದ ಕಲ್ಲುಗಳು ಅವು. ಪ್ರವಾಸಿಗಳು ಅದರ ಮುಂದೆ ನಿಂತು ಸೆಲ್ಫಿ ತಗೋತಾರೆ. ನನಗೆ ಅದು ಹೆಸರು ಬರೆಯದ ಸ್ಮಾರಕದ ಹಾಗೆ ಕಂಡಿತು.

ರಾಜಧಾನಿ ಪೋರ್ಟ್ ಲೂಯಿಸಿನಲ್ಲಿ ಉತ್ತರದ ಬಸ್ಸುಗಳು ನಿಲ್ಲೋ ಜಾಗದ ಹೆಸರು ಇಮಿಗ್ರೇಶನ್ ಸ್ಕ್ವೇರ್. ಪಕ್ಕದಲ್ಲೇ ಆಪ್ರವಾಸಿ ಘಾಟ್. ಬ್ರಿಟಿಷರ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾದಾಗ ಪರಿಹಾರ ಸಿಕ್ಕಿದ್ದು ಗುಲಾಮರಿಗಲ್ಲ, ಮಾಲೀಕರಿಗೆ. ಇಡೀ ಸಾಮ್ರಾಜ್ಯಕ್ಕೆ 2 ಕೋಟಿ ಪೌಂಡು. ಬಿಡುಗಡೆಯಾದವರ ಜಾಗಕ್ಕೆ ಭಾರತದಿಂದ ಕರಾರು ಕೂಲಿಗಳನ್ನು ತಂದರು. ‘ಅಟ್ಲಾಸ್’ ಹಡಗು ಬಂದದ್ದು 1834ರ ನವೆಂಬರ್ 2ರಂದು. ಕಲ್ಕತ್ತಾ, ಮದ್ರಾಸು, ಬೊಂಬಾಯಿ ಬಂದರುಗಳಿಂದ 1910ರ ದಶಕದವರೆಗೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಇಲ್ಲಿ ಇಳಿದರು. ಅವರು ಹತ್ತಿದ 16 ಮೆಟ್ಟಿಲು ಇವತ್ತೂ ಇವೆ.

ಗುಮಾಸ್ತನ ಕಣ್ಣಿಗೆ ಮೊದಲು ಬೀಳೋದು ರಿಜಿಸ್ಟರೇ. ಬಂದಿಳಿದ ಪ್ರತಿಯೊಬ್ಬರಿಗೂ ಒಂದು ನಂಬರು. ಹೆಸರು, ಅಪ್ಪನ ಹೆಸರು, ಊರು, ಎತ್ತರ, ಮೈಮೇಲಿನ ಗುರುತು, ಜೊತೆಗೆ ಜಾತಿಗೊಂದು ಕಾಲಂ. ಕಡಲು ದಾಟಿದರೆ ಜಾತಿ ಹೋಗುತ್ತೆ ಅಂತ ಶಾಸ್ತ್ರ ಹೇಳ್ತು, ಆದರೆ ಜಾತಿ ಅದೇ ಹಡಗಿನಲ್ಲಿ ಬಂದು ಅದೇ ಮೆಟ್ಟಿಲು ಹತ್ತಿತು. ಚಮ್ಮಾರರು, ದುಸಾಧರು ಬಂದರು, ಬ್ರಾಹ್ಮಣರೂ ಬಂದರು. ಗಂಡಾಳಿಗೆ ತಿಂಗಳಿಗೆ 5 ರೂಪಾಯಿ, 5 ವರ್ಷದ ಕರಾರು. ಒಂದು ದಿನ ಗೈರಾದರೆ ಎರಡು ದಿನದ ಕೂಲಿ ಕಡಿತ, ಅದಕ್ಕೆ ‘ಡಬಲ್ ಕಟ್’ ಅಂತಲೇ ಹೆಸರು. ನಮ್ಮ ಕಚೇರಿಯ ಹಾಜರಿ ಪುಸ್ತಕ ನೋಡಿಕೊಳ್ಳೋ ನನಗೆ ಅಲ್ಲಿ ಹೊಟ್ಟೆ ತೊಳಸಿತು.

ಈಗ ಜಾತಿ ಹೋಗಿದೆಯಾ? ಜನಗಣತಿಯಲ್ಲಿ ಇಲ್ಲ, ಮದುವೆಯಲ್ಲಿ ಇದೆ, ಚುನಾವಣೆಯ ಲೆಕ್ಕಾಚಾರದಲ್ಲಿ ಇದೆ. ಅಲ್ಲಿನ ಕ್ರಿಯೋಲ್ ಮಾತಿನಲ್ಲಿ ‘ನ್ಯಾಸ್ಯೊಂ’ ಅಂತ ಒಂದು ಪದವಿದೆ. ಕೇಳೋಕೆ ‘ರಾಷ್ಟ್ರ’ ಅಂದಹಾಗಿದೆ, ಆದರೆ ‘ನಿಮ್ಮ ನ್ಯಾಸ್ಯೊಂ ಯಾವುದು’ ಅಂದರೆ ಹಿಂದೂಗಳ ನಡುವೆ ಅದು ಜಾತಿ ಪ್ರಶ್ನೆ. ಬಸ್ಸಿನಲ್ಲಿ ಪಕ್ಕ ಕೂತ ಹಿರಿಯರೊಬ್ಬರು ನಮ್ಮನ್ನು ಭಾರತದವರು ಅಂತ ಗುರುತಿಸಿ, ಹಿಂದಿಯಲ್ಲಿ ಪ್ರೀತಿಯಿಂದ ಮಾತಾಡಿಸಿ, ಮೂರನೇ ಮಾತಿಗೇ ಅಲ್ಲಿಗೆ ಬಂದರು. ‘ಅಂಬೇಡ್ಕರ್ ಜನ’ ಅಂದೆ. ಅರ್ಥವಾಯ್ತೋ ಇಲ್ವೋ, ಕಿಟಕಿ ಕಡೆ ತಿರುಗಿದರು.

ಇನ್ನು ಸಮುದ್ರದ ವಿಷಯ. ಮಾರಿಷಸ್ಸಿನಲ್ಲಿ ಭರತದ ನೀರು ಮುಟ್ಟುವ ಗೆರೆಯ ತನಕ ಮರಳು ಸಾರ್ವಜನಿಕರದು. ಅದರ ಮೇಲಿನ 81 ಮೀಟರ್ 21 ಸೆಂಟಿಮೀಟರ್ ಅಗಲದ ಪಟ್ಟಿ, ‘ಪಾ ಜಿಯೊಮೆಟ್ರಿಕ್’ ಅಂತಾರೆ, ಸರ್ಕಾರದ ಭೂಮಿ. ಕಾಗದದಲ್ಲಿ ಎಷ್ಟು ಚೆಂದ! ಆದರೆ ಆ ಪಟ್ಟಿಯನ್ನೇ ಹೋಟೆಲುಗಳಿಗೆ ಗುತ್ತಿಗೆ ಕೊಡಲಾಗಿದೆ. ಮರಳು ನಿಮ್ಮದೇ, ಮರಳಿಗೆ ಹೋಗೋ ದಾರಿ ಅವರದ್ದು. ಕೆರೆ ಎಲ್ಲರದ್ದು, ಮೆಟ್ಟಿಲು ಮಾತ್ರ ಮೇಲಿನವರದ್ದು ಅನ್ನೋ ಕತೆ ನಮಗೆ ಹೊಸದಾ? 1927ರ ಮಹಾಡ್ ಇದೇ ಅಲ್ವಾ? ಚೌಡಾರ್ ಕೆರೆ ಕಾಗದದಲ್ಲಿ ಎಲ್ಲರಿಗೂ ತೆರೆದೇ ಇತ್ತು.

ನೈಋತ್ಯದ ತುದಿಯಲ್ಲಿ ಲೆ ಮೋರ್ನ್ ಬೆಟ್ಟ. ಆಫ್ರಿಕಾ, ಮಡಗಾಸ್ಕರ್ ಕಡೆಯಿಂದ ತಂದ ಗುಲಾಮರು ತಪ್ಪಿಸಿಕೊಂಡು ಬಂದು ಅಡಗಿದ್ದ ಬೆಟ್ಟ ಅದು. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅದರ ಬುಡದ ಕಡಲತೀರದಲ್ಲಿ ಈಗ ಐಷಾರಾಮಿ ರೆಸಾರ್ಟುಗಳು. ವಿದೇಶಿಯರು ಇಂತಿಷ್ಟು ಡಾಲರಿನ ವಿಲ್ಲಾ ಕೊಂಡರೆ ವಾಸದ ಪರವಾನಗಿ ಕೊಡೋ ಯೋಜನೆ 2002ರಿಂದ ಇದೆ. ಹಳೇ ಕಬ್ಬಿನ ಎಸ್ಟೇಟುಗಳೇ ವಿಲ್ಲಾಗಳಾಗಿವೆ. ಗುಲಾಮರ ಮೊಮ್ಮಕ್ಕಳಾದ ಕ್ರಿಯೋಲ್ ಜನರಲ್ಲಿ ಎಷ್ಟೋ ಮಂದಿ ಅದೇ ತೀರದಲ್ಲಿ ಮೀನು ಹಿಡೀತಾರೆ, ರೂಮು ಗುಡಿಸ್ತಾರೆ. ನಮ್ಮ ಅಪಾರ್ಟ್‌ಮೆಂಟಿಗೆ ದಿನ ಬಿಟ್ಟು ದಿನ ಬರ್ತಿದ್ದ ತಾಯಿಯೂ ಕ್ರಿಯೋಲ್. ಊಟದ ಹೊತ್ತಲ್ಲಿ ಬಂದರೆ ‘ಬನ್ನಿ, ಕೂತ್ಕೊಳ್ಳಿ’ ಅಂತ ಸನ್ನೆ ಮಾಡಿ ಮೀನುಸಾರು ಬಡಿಸಿದೆವು. ಒಂದೇ ಮೇಜಿನಲ್ಲಿ ಕೂತಿದ್ದಕ್ಕೆ ಅವರಿಗೇ ಆಶ್ಚರ್ಯ. ಅಲ್ಲಿಗೆ ಬರೋ ಭಾರತೀಯರು ಅವರನ್ನ ಹೇಗೆ ನಡೆಸಿಕೊಂಡಿರಬಹುದು, ನೀವೇ ಊಹಿಸಿ.

ಇದನ್ನೆಲ್ಲ ಬರೆದದ್ದು ‘ರೆಸಾರ್ಟಿಗೆ ಹೋಗಬೇಡಿ’ ಅನ್ನೋಕಲ್ಲ. ಹೋಗಿ. ಚೀಟಿ ಹಾಕಿ, ಸಾಲ ಮಾತ್ರ ಮಾಡಬೇಡಿ. ಮಕ್ಕಳಿಗೆ ವಿಮಾನ ತೋರಿಸಿ, ಸಮುದ್ರ ತೋರಿಸಿ. ಮೇಲ್ಜಾತಿಯವರು ಟೂರ್ ಹೋದರೆ ಅನುಭವ, ನಾವು ಹೋದರೆ ದುಂದುವೆಚ್ಚ ಅನ್ನೋ ಲೆಕ್ಕವನ್ನ ಒಪ್ಪಬೇಡಿ. ಆದರೆ ಹೋದಲ್ಲೆಲ್ಲ ಮೂರು ಪ್ರಶ್ನೆ ಕೇಳಿ. ಈ ಜಾಗ ಮೊದಲು ಯಾರದ್ದಾಗಿತ್ತು? ಈ ಹಾಸಿಗೆ ಹಾಸಿದವರು ಎಲ್ಲಿ ಮಲಗ್ತಾರೆ? ನೀರಿಗೆ ಇಳಿಯೋ ದಾರಿ ಎಲ್ಲರಿಗೂ ತೆರೆದಿದೆಯಾ? ಕೊಡಗಿನ ಹೋಂಸ್ಟೇಯಲ್ಲೂ ಇದನ್ನೇ ಕೇಳಿ. ಅಲ್ಲಿನ ಕಾಫಿ ತೋಟದ ಲೈನ್‌ಮನೆಗಳು ಆ ಕಬ್ಬಿನ ಎಸ್ಟೇಟಿನ ಕೂಲಿ ಲೈನಿಗೆ ಅಣ್ಣತಮ್ಮಂದಿರೇ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲು ಕೆಡವಿದ್ದು ನೆನಪಿರಲಿ.

ಕಡಲು ನೋಡೋ ಹಕ್ಕು ನಮ್ಮದು. ಕಡಲ ದಂಡೆಯ ಜನರ ಪರ ಮಾತಾಡೋ ಜವಾಬ್ದಾರಿಯೂ ನಮ್ಮದೇ. ಒಂದನ್ನ ಹಿಡಿದು ಇನ್ನೊಂದನ್ನ ಬಿಟ್ಟರೆ ನಮಗೂ ಹೋಟೆಲ್ ಮಾಲೀಕನಿಗೂ ವ್ಯತ್ಯಾಸ ಏನು?

ಜೈಭೀಮ್.