ಪಕ್ಷ ಮೂರು, ಸಮುದಾಯ ಒಂದೇ: ಜಿ.ಪಂ. ಚುನಾವಣೆ ನಡೆಯದಿದ್ರೆ ಮಂಡ್ಯದಲ್ಲಿ ನಷ್ಟ ಯಾರಿಗೆ?

ಮಂಡ್ಯ: 2023ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಐದು ಕಾಂಗ್ರೆಸ್ ಪಾಲಾದವು. ಕೆ.ಆರ್. ಪೇಟೆ ಜೆಡಿಎಸ್‌ಗೆ, ಮೇಲುಕೋಟೆ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಹೋಯ್ತು. ಜಿಲ್ಲೆ ರಾಜಕೀಯವೇ ಬದಲಾಯ್ತು ಅಂತ ಎಲ್ಲರೂ ಅಂದ್ರು.

ಆದ್ರೆ ಇನ್ನೊಂದು ಲೆಕ್ಕ ನೋಡಿ. ಮಳವಳ್ಳಿ ಪರಿಶಿಷ್ಟ ಜಾತಿಗೆ ಮೀಸಲು. ಉಳಿದ ಆರು ಸಾಮಾನ್ಯ ಕ್ಷೇತ್ರಗಳಲ್ಲಿ ಗೆದ್ದವರೆಲ್ಲ ಒಕ್ಕಲಿಗರು. ಏಳಕ್ಕೆ ಏಳೂ ಗಂಡಸರು. ಪಕ್ಷ ಮೂರು, ಸಮುದಾಯ ಒಂದೇ.

ಇದು ಗೆದ್ದವರ ತಪ್ಪಲ್ಲ, ಓಟು ಹಾಕಿದ್ದು ಜನ. ಜಿಲ್ಲೆಯಲ್ಲಿ ಒಕ್ಕಲಿಗರ ಓಟು ದೊಡ್ಡದು. ಆ ಪಕ್ಷದವರು ಗೌಡ್ರನ್ನ ನಿಲ್ಲಿಸಿದ್ರೆ ನಾವೂ ಗೌಡ್ರನ್ನೇ ನಿಲ್ಲಿಸ್ಬೇಕು, ಟಿಕೆಟ್ ಲೆಕ್ಕ ಅಷ್ಟೇ. ಕುರುಬ, ಬೆಸ್ತ, ಮಡಿವಾಳ, ಸವಿತಾ ಸಮಾಜ, ಮುಸ್ಲಿಂ ಮುಖಂಡರಿಗೆ ವೇದಿಕೆ ಮೇಲೆ ಒಂದು ಕುರ್ಚಿ ಸಿಗುತ್ತೆ, ಟಿಕೆಟ್ ಸಿಗಲ್ಲ. ಹಾಗಂತ ಒಕ್ಕಲಿಗರೆಲ್ಲರಿಗೂ ಬಾಗಿಲು ತೆರೆದಿದೆ ಅಂತಲೂ ಅಲ್ಲ. ನಾಲೆ ಕೊನೆಯಲ್ಲಿ ನೀರಿಗೆ ಕಾಯೋ ಒಂದೆಕರೆ ಗೌಡನೂ ಕೋಟಿ ಕೋಟಿ ತಂದು ಚುನಾವಣೆ ಮಾಡೋಕಾಗಲ್ಲ.

ಇಂಥವರಿಗೆ ಇದ್ದ ಮೆಟ್ಟಿಲು ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಅಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ. ಪರಿಶಿಷ್ಟರಿಗೆ, ಹಿಂದುಳಿದ ವರ್ಗಗಳಿಗೆ ಬೇರೆ ಮೀಸಲು. ವಿಧಾನಸಭೆಯಲ್ಲಿ ಹಿಂದುಳಿದವರಿಗೆ ಮೀಸಲು ಇಲ್ಲ. ಮಹಿಳೆಯರ ವಿಷ್ಯಕ್ಕೆ ಬಂದ್ರೆ, 2023ರಲ್ಲಿ 224 ಕ್ಷೇತ್ರಗಳಲ್ಲಿ ಗೆದ್ದ ಹೆಣ್ಣುಮಕ್ಕಳು ಬರೀ 10.

ಆ ಮೆಟ್ಟಿಲನ್ನೇ ಈಗ ಎತ್ತಿಟ್ಟಿದ್ದಾರೆ. ಜಿ.ಪಂ., ತಾ.ಪಂ.ಗೆ ಕೊನೆಯ ಸಲ ಚುನಾವಣೆ ನಡೆದಿದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗೀತು. ಅವಧಿ ಮುಗಿಯೋ ಮುಂಚೆಯೇ ಚುನಾವಣೆ ನಡೆಸಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತೆ. ನಾಲ್ಕು ವರ್ಷ ದಾಟಿದ್ರೂ ನಡೆದಿಲ್ಲ. ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಜಿ.ಪಂ. ಸ್ಥಾನ, ನಾಲ್ಕು ಸಾವಿರದ ಹತ್ತಿರ ತಾ.ಪಂ. ಸ್ಥಾನ ಖಾಲಿ ಬಿದ್ದಿವೆ.

ಕಾರಣ ಕೇಳಿದ್ರೆ ಉತ್ತರ ಸಿದ್ಧ ಇದೆ. ಬಿಜೆಪಿ ಸರ್ಕಾರ 2021ರಲ್ಲಿ ಕ್ಷೇತ್ರ ಮರುವಿಂಗಡಣೆ ಅಧಿಕಾರವನ್ನ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಡ್ತು. ಆಮೇಲೆ ಹಿಂದುಳಿದ ವರ್ಗಗಳ ಮೀಸಲಾತಿಗೆ ಅಂಕಿಅಂಶ ಬೇಕು ಅನ್ನೋ ಸುಪ್ರೀಂ ಕೋರ್ಟ್ ಆದೇಶ ಎದುರಾಯ್ತು, ಭಕ್ತವತ್ಸಲ ಸಮಿತಿ ವರದಿ ಬಂತು. ಕಾಂಗ್ರೆಸ್ ಬಂದ ಮೇಲೂ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತಲೇ ದಿನ ಕಳೀತು. ಸರ್ಕಾರ ಬದಲಾಯ್ತು, ನೆಪ ಬದಲಾಗಲಿಲ್ಲ.

ಲಾಭ ಯಾರಿಗೆ? ಸದಸ್ಯರಿಲ್ಲದ ಪಂಚಾಯಿತಿಯಲ್ಲಿ ಆಡಳಿತಾಧಿಕಾರಿ ಇರ್ತಾರೆ. ಸಭೆಯಲ್ಲಿ ಎದ್ದು ನಿಂತು, ನಮ್ಮೂರಿನ ರಸ್ತೆ ದುಡ್ಡು ಎಲ್ಲೋಯ್ತು ಅಂತ ಕೇಳೋರಿಲ್ಲ. ಮನೆ, ಚರಂಡಿ, ಬೋರ್‌ವೆಲ್, ಏನೇ ಬೇಕಂದ್ರೂ ಶಾಸಕರ ಮನೆ ಬಾಗಿಲಿಗೆ ಹೋಗ್ಬೇಕು. ಜೊತೆಗೆ, ಮುಂದೆ ತಮ್ಮ ಟಿಕೆಟ್‌ಗೇ ಪೈಪೋಟಿ ಕೊಡೋ ಹೊಸ ಮುಖ ಹುಟ್ಟೋದೂ ತಪ್ಪುತ್ತೆ.

ಮೀಸಲಾತಿ ಇದ್ರೆ ಏನ್ ಬಂತು, ಹೆಂಡ್ತಿ ಸದಸ್ಯೆ, ಗಂಡನದ್ದೇ ದರ್ಬಾರು ಅನ್ನೋರಿದ್ದಾರೆ. ಅದು ಸುಳ್ಳಲ್ಲ. ದಲಿತ ಅಧ್ಯಕ್ಷರನ್ನ ಕೂರಿಸಿ ಹಿಂದಿಂದ ಊರ ಯಜಮಾನರು ನಡೆಸೋದೂ ಇದೆ. ಆದ್ರೆ ಮೊದಲ ಸಲ ಸುಮ್ಮನೆ ಕೂತವರೇ ಎರಡನೇ ವರ್ಷ ಕಡತ ಕೇಳೋಕೆ ಶುರು ಮಾಡ್ತಾರೆ. ಕುರ್ಚಿಯೇ ಇಲ್ಲದಿದ್ರೆ ಕಲಿಯೋದು ಎಲ್ಲಿ?

ಪಕ್ಕದ ಮೈಸೂರನ್ನೇ ನೋಡಿ. ಕುರುಬ ಸಮುದಾಯದ ಯುವ ವಕೀಲ ಸಿದ್ದರಾಮಯ್ಯ 1978ರಲ್ಲಿ ತಾಲ್ಲೂಕು ಬೋರ್ಡ್‌ಗೆ ಆಯ್ಕೆಯಾದ್ರು. 1983ರಲ್ಲಿ ಚಾಮುಂಡೇಶ್ವರಿಯಿಂದ ಶಾಸಕರಾದ್ರು, ಮುಂದೆ ಎರಡು ಸಲ ಮುಖ್ಯಮಂತ್ರಿ. ಅವರು ಹತ್ತಿದ ಮೊದಲ ಮೆಟ್ಟಿಲು ಅದೇ. ಇವತ್ತು ಅವರ ಹಾಗೆ ಶುರು ಮಾಡ್ಬೇಕು ಅನ್ನೋ ಮಂಡ್ಯದ ಹುಡುಗನಿಗೋ ಹುಡುಗಿಗೋ ಆ ಮೆಟ್ಟಿಲಿಲ್ಲ.

ಹಬ್ಬಕ್ಕೆ, ಗುದ್ದಲಿ ಪೂಜೆಗೆ ಶಾಸಕರು ಊರಿಗೆ ಬಂದೇ ಬರ್ತಾರೆ. ರಸ್ತೆ, ನೀರು ಕೇಳುವಾಗ ಇದನ್ನೂ ಕೇಳಿ: ನಮ್ಮ ತಾ.ಪಂ. ಸದಸ್ಯರು ಯಾರು ಸಾರ್?