ಕಲಾಸಿಪಾಳ್ಯದ ಮಕ್ಕಳು ಎಲ್ಲಿ ಆಡಬೇಕು?



ಮಕ್ಕಳು ಆಟ ಬಿಟ್ಟರೆ ಮೊಬೈಲನ್ನು ದೂರುವುದು ರೂಢಿಯಾಗಿದೆ. ದೂರುವವರು ಒಮ್ಮೆ ಕಲಾಸಿಪಾಳ್ಯದ ಬೀದಿಗೆ ಬರಬೇಕು. ಬೆಳಗಿನ ಜಾವ ತರಕಾರಿ ಲಾರಿಗಳು, ಹಗಲಿಡೀ ಟ್ರಾನ್ಸ್‌ಪೋರ್ಟ್ ಗೋಡೌನುಗಳ ಲೋಡಿಂಗ್, ಇರುಳಾದರೆ ಖಾಸಗಿ ಬಸ್ಸುಗಳ ಸಾಲು. ಮಗು ಚೆಂಡು ಹಿಡಿದು ನಿಲ್ಲುವುದಾದರೂ ಎಲ್ಲಿ?

ಜಾಗವಿದ್ದರೆ ದೇಹದ ತೊಂದರೆ ಇದ್ದರೂ ಆಟ ದಕ್ಕುತ್ತದೆ. ಕ್ರಿಕೆಟ್ ಬೌಲರ್ ಬಿ.ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲೇ ಪೋಲಿಯೊದಿಂದ ಸೊರಗಿತ್ತು. ಆದರೆ ಅವರಿಗೆ ಆಡಲು ಬೆಂಗಳೂರಿನ ಬೀದಿಗಳಿದ್ದವು, ಮುಂದೆ ಕ್ಲಬ್ ಕ್ರಿಕೆಟ್ಟಿನ ಆಸರೆಯೂ ಸಿಕ್ಕಿತು. ಅದೇ ಕೈ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವಿಗೆ ದಾರಿ ಮಾಡಿತು. ಅವರ ಒಟ್ಟು ಗಳಿಕೆ 58 ಟೆಸ್ಟ್‌ಗಳಲ್ಲಿ 242 ವಿಕೆಟ್. ಎಳವೆಯಲ್ಲೇ ಪೋಲಿಯೊಗೆ ತುತ್ತಾದ ಬೆಂಗಳೂರಿನ ಕ್ರೀಡಾಪಟು ಮಾಲತಿ ಹೊಳ್ಳ ಪ್ಯಾರಾಲಿಂಪಿಕ್ಸ್‌ವರೆಗೆ ಹೋದರು; 2001ರಲ್ಲಿ ಪದ್ಮಶ್ರೀ ಪಡೆದರು.

ಇಬ್ಬರದೂ ಅಪಾರ ಛಲ, ನಿಜ. ಆದರೆ ಛಲವಿದ್ದವರಿಗೂ ಕಾಲೂರಲು ನೆಲ ಬೇಕು.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಅಂದಾಜಿನಂತೆ ಜಗತ್ತಿನ 11ರಿಂದ 17 ವರ್ಷದ ಹುಡುಗರಲ್ಲಿ ಶೇ 78, ಹುಡುಗಿಯರಲ್ಲಿ ಶೇ 85 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿರಲಿಲ್ಲ. ಬೀದಿದೀಪ, ಶುಚಿಯಾದ ಶೌಚಾಲಯ, ಜೊತೆಗೆ ಆಡುವ ಗೆಳತಿಯರು, ಮನೆಯವರ ಒಪ್ಪಿಗೆ: ಇವುಗಳಲ್ಲಿ ಒಂದು ತಪ್ಪಿದರೂ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ.

ಹಾಗಾಗಿ ಸರ್ಕಾರಿ ಶಾಲೆಗಳ ಅಂಗಳವನ್ನು ಸಂಜೆ 4ರಿಂದ 7ರವರೆಗೆ ಸುತ್ತಲಿನ ಮಕ್ಕಳಿಗೆ ತೆರೆದಿಡಲಿ. ವಾರದಲ್ಲಿ ಎರಡು ಸಂಜೆ ಹುಡುಗಿಯರಿಗೇ ಮೀಸಲಿರಲಿ. ಒಬ್ಬ ತರಬೇತುದಾರರನ್ನೂ ಒಬ್ಬ ಕಾವಲುಗಾರರನ್ನೂ ಪಾಲಿಕೆ ನೇಮಿಸಲಿ.

– ಓದುಗರೊಬ್ಬರು, ಕಲಾಸಿಪಾಳ್ಯ, ಬೆಂಗಳೂರು