ನಿರಾಶ್ರಿತನ ಮಾತು, ವಕೀಲನ ಧರ್ಮ

ವಿದೇಶದಲ್ಲಿ ಕಾನೂನು ಕಲಿಯುವುದೆಂದರೆ ಅಲ್ಲಿನ ಕಲಂಗಳನ್ನು ಬಾಯಿಪಾಠ ಮಾಡಿ ಬರುವುದೆಂಬ ಗ್ರಹಿಕೆ ನಮ್ಮಲ್ಲಿದೆ. ಅಷ್ಟಕ್ಕೇ ಆದರೆ ವಿಮಾನ ಏರಬೇಕಿಲ್ಲ, ಗ್ರಂಥಾಲಯ ಸಾಕು. ಜಿನೀವಾದಲ್ಲಿ ಒಂದು ಬೇಸಿಗೆ, ಹಲವು ದೇಶಗಳ ವಿದ್ಯಾರ್ಥಿಗಳೊಡನೆ, ನಿರಾಶ್ರಿತರ ಕಾನೂನನ್ನೂ ವಕೀಲ ವೃತ್ತಿಯ ನೀತಿಸಂಹಿತೆಗಳನ್ನೂ ತೌಲನಿಕವಾಗಿ ಓದಿದ ನನಗೆ ಮುಖ್ಯವೆನಿಸಿದ್ದು ಒಂದೇ ಪ್ರಶ್ನೆ: ಕಕ್ಷಿದಾರನ ಮಾತೇ ಏಕೈಕ ಸಾಕ್ಷ್ಯವಾಗಿರುವಾಗ, ಅದರಲ್ಲಿ ಸುಳ್ಳು ಬೆರೆತಿದೆಯೆಂದು ತಿಳಿದ ವಕೀಲ ಏನು ಮಾಡಬೇಕು?

ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳಕ್ಕೊಳಗಾಗುವ ಸಕಾರಣ ಭೀತಿಯಿಂದ ಸ್ವದೇಶದ ಹೊರಗಿರುವವರಿಗೆ 1951ರ ಒಡಂಬಡಿಕೆ ರಕ್ಷಣೆ ನೀಡುತ್ತದೆ. ಆದರೆ ಪ್ರಾಣಭಯದಿಂದ ಓಡಿಬಂದವರು ಅದಕ್ಕೆ ಪ್ರಮಾಣಪತ್ರ ಪಡೆದು ಬಂದಿರುವುದಿಲ್ಲ. ಆದ್ದರಿಂದಲೇ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ 1979ರ ಕೈಪಿಡಿಯು ಸತ್ಯಾಂಶ ಶೋಧನೆಯ ಹೊಣೆಯನ್ನು ಅರ್ಜಿದಾರ ಮತ್ತು ಅಧಿಕಾರಿ ಇಬ್ಬರಿಗೂ ಹಂಚುತ್ತದೆ. ಹೇಳಿಕೆ ಒಟ್ಟಾರೆ ನಂಬಲರ್ಹವಾಗಿದ್ದರೆ ಸಂಶಯದ ಲಾಭ ಅರ್ಜಿದಾರನಿಗೆ ಸಲ್ಲಬೇಕೆನ್ನುತ್ತದೆ. ಹೀಗಿದ್ದೂ, ದಲ್ಲಾಳಿ ಹೇಳಿಕೊಟ್ಟ ಒಂದು ಸುಳ್ಳು ದಿನಾಂಕ ನಿಜವಾದ ಭಯದ ಮೇಲಿನ ನಂಬಿಕೆಯನ್ನೂ ಕೆಡಿಸಬಲ್ಲದು. ಸಾವಿನತ್ತ ಮರಳಿ ಅಟ್ಟಿದವನಿಗೆ ಯಾವ ಮೇಲ್ಮನವಿಯೂ ನೆರವಾಗದು.

ಈ ಇಕ್ಕಟ್ಟಿನಲ್ಲಿ ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಅಮೆರಿಕದ ವಕೀಲರ ಸಂಘದ ಮಾದರಿ ನಿಯಮಗಳ ಪ್ರಕಾರ, ತಾನು ಮಂಡಿಸಿದ ಮಹತ್ವದ ಸಾಕ್ಷ್ಯ ಸುಳ್ಳೆಂದು ತಿಳಿದ ವಕೀಲ ಅದನ್ನು ಸರಿಪಡಿಸಬೇಕು. ಅನಿವಾರ್ಯವಾದರೆ ಗೋಪ್ಯತೆಯನ್ನೂ ಬದಿಗಿಟ್ಟು ನ್ಯಾಯಪೀಠಕ್ಕೆ ತಿಳಿಸಬೇಕು. ಇಂಗ್ಲೆಂಡಿನ ಬ್ಯಾರಿಸ್ಟರ್, ಸತ್ಯ ತಿಳಿಸಲು ಕಕ್ಷಿದಾರ ಒಪ್ಪದಿದ್ದಲ್ಲಿ, ಗುಟ್ಟು ಬಿಟ್ಟುಕೊಡದೆ ಪ್ರಕರಣದಿಂದ ಹಿಂದೆ ಸರಿಯಬೇಕು. ಮೊದಲನೆಯದು ನ್ಯಾಯಾಲಯದ ಪಾವಿತ್ರ್ಯವನ್ನು, ಎರಡನೆಯದು ಕಕ್ಷಿದಾರನ ವಿಶ್ವಾಸವನ್ನು ಕಾಯುತ್ತದೆ. ನನ್ನ ದೃಷ್ಟಿಯಲ್ಲಿ ಎರಡೂ ತಡವಾಗಿ ಬರುವ ಮದ್ದುಗಳು. ವಕೀಲನ ನಿಜವಾದ ಧರ್ಮ ಅರ್ಜಿ ಸಲ್ಲಿಸುವ ಮುನ್ನವೇ ಆರಂಭವಾಗುತ್ತದೆ: ಸಮರ್ಥ ದುಭಾಷಿಯ ನೆರವಿನಿಂದ ತಾಳ್ಮೆಯಿಂದ ಕೇಳುವುದು, ಸುಳ್ಳಿನ ಪರಿಣಾಮವನ್ನು ಮೊದಲೇ ತಿಳಿಹೇಳುವುದು, ಆಘಾತದಿಂದಾದ ಮರೆವಿಗೂ ವಂಚನೆಗೂ ಇರುವ ಅಂತರವನ್ನು ಗುರುತಿಸುವುದು.

ಇದು ನಮಗೆ ಸಂಬಂಧಿಸದ ವಿಚಾರವೆನ್ನುವಂತಿಲ್ಲ. ಭಾರತ 1951ರ ಒಡಂಬಡಿಕೆಗೂ 1967ರ ಪ್ರೋಟೊಕಾಲ್‌ಗೂ ಸಹಿ ಹಾಕಿಲ್ಲ; ನಿರಾಶ್ರಿತರಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯೂ ಇಲ್ಲ. 1960ರ ದಶಕದಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟನ್ನರು ನೆಲೆ ಕಂಡಿದ್ದು ಸರ್ಕಾರದ ಔದಾರ್ಯದಿಂದಲೇ ಹೊರತು ಕಾಯ್ದೆಯ ಬಲದಿಂದಲ್ಲ. 1996ರಲ್ಲಿ ಅರುಣಾಚಲ ಪ್ರದೇಶದ ಚಕ್ಮಾ ಸಮುದಾಯದವರ ಜೀವರಕ್ಷಣೆಗೆ ಆದೇಶಿಸಿದ್ದ ಸುಪ್ರೀಂ ಕೋರ್ಟ್, 2021ರಲ್ಲಿ ಜಮ್ಮುವಿನ ರೋಹಿಂಗ್ಯಾಗಳ ಗಡೀಪಾರಿಗೆ ತಡೆ ನೀಡಲಿಲ್ಲ. ನಿಗದಿತ ವಿಧಿವಿಧಾನ ಪಾಲಿಸಬೇಕೆಂದಷ್ಟೇ ಹೇಳಿತು. ಕಾಯ್ದೆ ಮೌನವಾಗಿರುವೆಡೆ ವಕೀಲನ ಪ್ರಾಮಾಣಿಕತೆಗೂ ಸಾಮರ್ಥ್ಯಕ್ಕೂ ತೂಕ ಹೆಚ್ಚು.

ಭಾರತೀಯ ವಕೀಲರ ಪರಿಷತ್ತಿನ 2008ರ ಶಿಕ್ಷಣ ನಿಯಮಗಳಂತೆ ವೃತ್ತಿನೀತಿ ಕಡ್ಡಾಯ ವಿಷಯ. ಅದನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮುಗಿಸುವ ಪತ್ರಿಕೆಯಾಗಿ ಉಳಿಸಬಾರದು. ಕಾನೂನು ಕಾಲೇಜುಗಳ ನೆರವು ಕೇಂದ್ರಗಳಲ್ಲಿ, ಅನುಭವಿ ವಕೀಲರ ಮಾರ್ಗದರ್ಶನದಲ್ಲಿ, ವಿದ್ಯಾರ್ಥಿಗಳು ಆಶ್ರಯ ಕೋರುವವರ ಮಾತನ್ನು ಆಲಿಸಿ ದಾಖಲಿಸಲು ಕಲಿಯಲಿ. ಜಿನೀವಾಕ್ಕೆ ಹೋಗುವ ಅವಕಾಶ ಕೆಲವರಿಗಷ್ಟೇ ದಕ್ಕೀತು; ಈ ಪಾಠ ಎಲ್ಲರಿಗೂ ದಕ್ಕಬೇಕು.